ಅಪ್ಪನ ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಯಾವ ಸೆಟ್ಟಿಂಗ್ ಇಡಬೇಕು?

ಪ್ರಶ್ನೆ: ನಾವು ಮಂಡ್ಯದವರು. ನಮ್ಮ ತಂದೆಯವರು ಕೂಡಿಟ್ಟ ಸಿ.ಡಿ.ಗಳು ಮುನ್ನೂರರಷ್ಟಿವೆ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಚೌಡಯ್ಯನವರ ಪಿಟೀಲಿನ ಹಳೆಯ ಮುದ್ರಣಗಳು, ಭಾವಗೀತೆ, ಮಾದಪ್ಪನ ಪದ, ಅಂಗಡಿಯಲ್ಲಿ ಬರೆಸಿಕೊಂಡು ಬಂದ ಸಿ.ಡಿ.ಗಳು ಎಲ್ಲವೂ ಅದರಲ್ಲಿವೆ. ಒಂದಷ್ಟು ಕ್ಯಾಸೆಟ್ಟುಗಳೂ ಇವೆ. ಪ್ಲೇಯರ್ ಕೆಟ್ಟುಹೋಗಿದೆ. ಮಗ ಸಿ.ಡಿ.ಯೊಳಗಿನ ಫೈಲುಗಳನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿದ, ಒಂದೂ ಹಾಡಲಿಲ್ಲ. ರಿಪ್ ಮಾಡುವ ಸಾಫ್ಟ್‌ವೇರ್ ಹಾಕಿದರೆ 128, 192, 320, ವಿಬಿಆರ್, ಫ್ಲ್ಯಾಕ್, 44.1, 48, 96 ಎಂದು ಏನೇನೋ ಕೇಳುತ್ತದೆ. ಎಲ್ಲದರಲ್ಲೂ ದೊಡ್ಡ ಅಂಕಿಯನ್ನೇ ಒತ್ತಿದರೆ ಸರಿಯೆ? 320 ಎಂಪಿ3 ಸಾಕು ಅನ್ನುತ್ತಾನೆ ಮಗ. ಕಾರಿನಲ್ಲೂ ಮೊಬೈಲಿನಲ್ಲೂ ಕೇಳುವಂತಿರಬೇಕು. ಆಮೇಲೆ ಸಿ.ಡಿ.ಗಳನ್ನು ವಿಲೇವಾರಿ ಮಾಡಬಹುದೆ?

ಉತ್ತರ: ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಒಂದೊಂದು ಸಿ.ಡಿ.ಯನ್ನೂ ಓದುವಾಗಲೇ ತಪ್ಪು ಹಿಡಿಯುವಂಥ ಸಾಫ್ಟ್‌ವೇರಿನಲ್ಲಿ ಓದಿಸಿ, ಧ್ವನಿಯಲ್ಲಿ ಏನನ್ನೂ ಕಳೆಯದ ಫ್ಲ್ಯಾಕ್ ಎಂಬ ಫೈಲ್ ರೂಪದಲ್ಲಿ ಇಟ್ಟುಕೊಳ್ಳಿ. ಸ್ಯಾಂಪಲ್ ರೇಟ್, ಅಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿದೆ ಎಂಬುದು, 44.1 ಕಿಲೋಹರ್ಟ್ಸ್, 16 ಬಿಟ್. ಅದನ್ನು ಏರಿಸಲೂ ಬೇಡಿ, ಇಳಿಸಲೂ ಬೇಡಿ. ಇದು ಮೂಲಪ್ರತಿ. ಕಾರಿಗೆ, ಮೊಬೈಲಿಗೆ ಬೇಕಾದ ಎಂಪಿ3ಗಳನ್ನು ಇದರಿಂದ ಯಾವತ್ತು ಬೇಕಾದರೂ ಮಾಡಿಕೊಳ್ಳಬಹುದು. ಮಗ ಹೇಳುವ 320 ಕೆಟ್ಟದ್ದಲ್ಲ, ಆದರೆ ಅದು ಈ ಎರಡನೆಯ ಕೆಲಸಕ್ಕೆ. ಮುನ್ನೂರು ಸಿ.ಡಿ.ಗಳನ್ನು ಒಂದೊಂದಾಗಿ ಡ್ರೈವಿಗೆ ಹಾಕಿ ತೆಗೆಯುವ ಶ್ರಮವನ್ನು ಯಾವ ಮನೆಯಲ್ಲೂ ಎರಡನೆಯ ಸಲ ಯಾರೂ ಪಡುವುದಿಲ್ಲ. ಹಾಗಾಗಿ ಸಿ.ಡಿ. ಓದಿಸುವ ಹೊತ್ತಿನಲ್ಲಿ ಮಾತ್ರ ಬಿಗಿಯಾಗಿರಿ. ಎಂಪಿ3 ಮಾಡುವಾಗ ಸಡಿಲ ಬಿಟ್ಟರೂ ನಷ್ಟವಿಲ್ಲ, ಬೇಡವೆನಿಸಿದರೆ ಅಳಿಸಿ ಮತ್ತೆ ಮಾಡಿಕೊಳ್ಳಬಹುದು.

ಕಾಪಿ ಮಾಡಿದ್ದು ಹಾಡದಿರುವುದಕ್ಕೆ ಕಾರಣವಿದೆ. ಆಡಿಯೋ ಸಿ.ಡಿ.ಯಲ್ಲಿ ಫೈಲುಗಳೇ ಇರುವುದಿಲ್ಲ. ವಿಂಡೋಸ್ ತೋರಿಸುವ ‘ಟ್ರ್ಯಾಕ್01.ಸಿಡಿಎ’ ಬರೀ 44 ಬೈಟಿನ ಗುರುತು. ಈ ಹಾಡು ತಟ್ಟೆಯ ಮೇಲೆ ಎಲ್ಲಿ ಶುರು, ಎಷ್ಟು ಉದ್ದ ಎಂಬುದಷ್ಟೇ ಅದರಲ್ಲಿರುವುದು. ಸಂಗೀತ ಇರುವುದು ತಟ್ಟೆಯ ಒಳಸುತ್ತಿನಿಂದ ಹೊರಸುತ್ತಿಗೆ ಸುರುಳಿಯಾಗಿ ಸಾಗುವ ಒಂದೇ ಉದ್ದನೆಯ ಗೆರೆಯಲ್ಲಿ. ಆ ಗೆರೆಯನ್ನು ಓದಿ ಫೈಲಾಗಿ ಕಟ್ಟುವುದೇ ರಿಪ್ ಮಾಡುವ ಕೆಲಸ.

ಆ ಗೆರೆಯಲ್ಲಿ ಏನು ಬರೆದಿರಬೇಕು ಎಂಬುದನ್ನು ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲೇ ಗೊತ್ತುಮಾಡಿದವು. ಎಡ, ಬಲ ಎರಡೂ ಕಡೆಯ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯಬೇಕು, ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ ಬರೆಯಬೇಕು. ಗುಣಿಸಿ ನೋಡಿ: 44,100 × 16 × 2, ಅಂದರೆ ಸೆಕೆಂಡಿಗೆ 14,11,200 ಬಿಟ್. ಸಾಫ್ಟ್‌ವೇರ್ ಇದನ್ನೇ 1,411 ಕೆಬಿಪಿಎಸ್ ಬಿಟ್‌ರೇಟ್ ಎಂದು ತೋರಿಸುವುದು. ನಿಮಿಷಕ್ಕೆ ಹತ್ತು ಎಂಬಿಗಿಂತ ತುಸು ಹೆಚ್ಚು. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೇವೋ ಅದರ ಅರ್ಧದಷ್ಟು ಕಂಪನಾಂಕದವರೆಗೆ ಧ್ವನಿಯನ್ನು ಪೂರ್ತಿಯಾಗಿ ಹಿಡಿಯಬಹುದು. 44,100ರ ಅರ್ಧ 22,050 ಹರ್ಟ್ಸ್. ಎಳೆಯರ ಚುರುಕು ಕಿವಿಗೂ ಕೇಳಿಸುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ, ವಯಸ್ಸಾದಂತೆ ಅದೂ ಇಳಿಯುತ್ತದೆ. 16 ಬಿಟ್ ಎಂದರೆ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ. ಮನೆಯ ಹಾಲಿನಲ್ಲಿ ಫ್ಯಾನು ತಿರುಗುತ್ತಿರುವಾಗ ಇಷ್ಟು ಅಂತರ ಯಾರಿಗೂ ಒದಗುವುದಿಲ್ಲ.

ಈಗ ‘ದೊಡ್ಡ ಅಂಕಿ ಒತ್ತಿದರೆ?’ ಎಂಬ ಪ್ರಶ್ನೆಗೆ ಬರೋಣ. ತಟ್ಟೆಯ ಮೇಲೆ ಇರುವುದೇ 44.1 ಮತ್ತು 16. ನೀವು 96 ಕಿಲೋಹರ್ಟ್ಸ್, 24 ಬಿಟ್ ಎಂದು ಆರಿಸಿದರೆ ಸಾಫ್ಟ್‌ವೇರ್ ಇರುವ ಅಂಕಿಗಳ ನಡುವೆ ತಾನೇ ಲೆಕ್ಕಹಾಕಿ ಹೊಸ ಅಂಕಿಗಳನ್ನು ತುಂಬುತ್ತದೆ. ವೀಣೆಯ ತಂತಿಯ ಒಂದು ಎಳೆ ನಾದವೂ ಅದರಿಂದ ಹೊಸದಾಗಿ ಬರುವುದಿಲ್ಲ, ಮೂಲದ ಡೇಟಾ ಮಾತ್ರ ಮೂರು ಪಟ್ಟಿಗೂ ಮಿಗಿಲಾಗಿ ಉಬ್ಬುತ್ತದೆ. 48 ಇಟ್ಟರೆ ಕಿವಿಗೆ ವ್ಯತ್ಯಾಸ ಗೊತ್ತಾಗದಿರಬಹುದು. ಆದರೆ ಪ್ರತಿಯೊಂದು ಅಂಕಿಯೂ ಬದಲಾಗಿಬಿಡುತ್ತದೆ. ಆಮೇಲೆ ನಿಮ್ಮ ಫೈಲ್ ಸಿ.ಡಿ.ಯಲ್ಲಿದ್ದ ಹಾಗೆಯೇ ಬಂದಿದೆಯೇ ಎಂದು ತಾಳೆ ನೋಡುವ ದಾರಿ ಮುಚ್ಚಿಹೋಗುತ್ತದೆ. ಆ ತಾಳೆ ನೋಡುವುದು ಎಷ್ಟು ಮುಖ್ಯ ಎಂಬುದನ್ನು ಮುಂದೆ ಹೇಳುತ್ತೇನೆ.

ಫ್ಲ್ಯಾಕ್ 2001ರಿಂದ ಬಳಕೆಯಲ್ಲಿದೆ, ಬಳಸಲು ದುಡ್ಡು ಕೊಡಬೇಕಿಲ್ಲ. ಅದು ಸಿ.ಡಿ.ಯ ಅಂಕಿಗಳಲ್ಲಿ ಒಂದನ್ನೂ ಬಿಡದೆ ಒತ್ತಾಗಿ ಜೋಡಿಸುತ್ತದೆ. ಬಿಚ್ಚಿದರೆ ಮೂಲದ ಅಂಕಿಗಳೇ ಹಾಗೆಹಾಗೇ ಸಿಗುತ್ತವೆ. ಸಾಮಾನ್ಯವಾಗಿ ಗಾತ್ರ ಅರ್ಧದಿಂದ ಶೇಕಡಾ 60ರ ಆಸುಪಾಸಿಗೆ ಇಳಿಯುತ್ತದೆ. ಅದರಲ್ಲೂ 0ಯಿಂದ 8ರವರೆಗೆ ಒಂದು ಅಂಕಿ ಕೇಳುತ್ತದೆ. ಅದು ಧ್ವನಿಯ ಗುಣಮಟ್ಟದ ಅಂಕಿಯಲ್ಲ, ಎಷ್ಟು ಹೊತ್ತು ಹೆಣಗಿ ಎಷ್ಟು ಚಿಕ್ಕದು ಮಾಡಬೇಕು ಎಂಬುದರ ಅಂಕಿ. 5 ಇದ್ದರೆ ಹಾಗೇ ಬಿಡಿ. ಎಲ್ಲ ಸಂಗೀತವೂ ಒಂದೇ ಪ್ರಮಾಣದಲ್ಲಿ ಚಿಕ್ಕದಾಗುವುದಿಲ್ಲ. ಒಂಟಿ ವೀಣೆ ಚೆನ್ನಾಗಿ ಕುಗ್ಗುತ್ತದೆ. ಚೌಡಯ್ಯನವರು ತೀರಿಕೊಂಡದ್ದು 1967ರಲ್ಲಿ, ಅವರ ಕಾಲದ ಮುದ್ರಣಗಳಲ್ಲಿ ಹಳೆಯ ತಟ್ಟೆಯ ಚರಚರ, ಟೇಪಿನ ಸುಯ್ ಎನ್ನುವ ಸದ್ದು ಸೇರಿರುತ್ತವೆ. ಅಂಥ ಗೊತ್ತುಗುರಿಯಿಲ್ಲದ ಸದ್ದನ್ನು ಕುಗ್ಗಿಸುವುದು ಕಷ್ಟ. ಇನ್ನೊಂದು ಕಡೆ ಆ ಮುದ್ರಣಗಳು ಮೋನೋ. ಎಡ ಬಲ ಎರಡರಲ್ಲೂ ಒಂದೇ ಅಂಕಿಗಳಿದ್ದರೆ ಫ್ಲ್ಯಾಕ್ ಎರಡನೆಯದನ್ನು ಬರೆಯಲು ಜಾಗವನ್ನೇ ಹೆಚ್ಚುಕಡಿಮೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಒಂದು ಸಿ.ಡಿ. 200 ಎಂಬಿ, ಇನ್ನೊಂದು 400 ಎಂಬಿ ಬಂದರೆ ಏನೋ ತಪ್ಪಿತೆಂದು ಗಾಬರಿಯಾಗಬೇಡಿ.

ಜಾಗದ ಲೆಕ್ಕ ಇಷ್ಟೆ. ಒಂದು ಗಂಟೆಯ ಸಿ.ಡಿ. ಮೂಲದಲ್ಲಿ 635 ಎಂಬಿ, ಫ್ಲ್ಯಾಕ್ ಆದಮೇಲೆ 350 ಎಂದಿಟ್ಟುಕೊಳ್ಳಿ. ಮುನ್ನೂರಕ್ಕೆ 105 ಜಿಬಿ. ಒಂದು ಟಿಬಿ ಹಾರ್ಡ್ ಡಿಸ್ಕಿನಲ್ಲಿ ಎಂಟನೇ ಒಂದು ಭಾಗವೂ ತುಂಬುವುದಿಲ್ಲ. ಎಂಪಿ3 ಹುಟ್ಟಿದ ಕಾಲದಲ್ಲಿ ಜಾಗಕ್ಕೆ ಬಂಗಾರದ ಬೆಲೆ ಇತ್ತು. ಇವತ್ತು ಮೂಲಪ್ರತಿಯನ್ನು ಎಂಪಿ3ಯಲ್ಲಿ ಇಡಲು ಜಾಗದ ನೆಪ ಉಳಿದಿಲ್ಲ. ಮನೆಯಲ್ಲಿ ಎಲ್ಲರದ್ದೂ ಆಪಲ್ ಫೋನುಗಳೇ ಆಗಿದ್ದರೆ ಆಪಲ್ ಲಾಸ್‌ಲೆಸ್ ಇಟ್ಟುಕೊಂಡರೂ ಆಗುತ್ತದೆ. ಅದರಿಂದ ಫ್ಲ್ಯಾಕ್‌ಗೂ, ಫ್ಲ್ಯಾಕ್‌ನಿಂದ ಅದಕ್ಕೂ ಏನೂ ಕಳೆಯದೆ ಹೋಗಿಬರಬಹುದು. ವೇವ್ ಫೈಲಿನಲ್ಲೂ ಧ್ವನಿ ಅದೇ, ಆದರೆ ಗಾತ್ರ ದುಪ್ಪಟ್ಟು. ಹಾಡಿನ ಹೆಸರು, ರಾಗ, ಕಲಾವಿದರ ವಿವರ ಬರೆದಿಡಲೂ ಅದರಲ್ಲಿ ಅಷ್ಟು ಸಲೀಸಿಲ್ಲ.

ಇನ್ನು ಎಂಪಿ3. ಇದು ಧ್ವನಿಯ ಒಂದಷ್ಟನ್ನು ಬಿಸಾಡಿಯೇ ಚಿಕ್ಕದಾಗುವುದು. ಜೋರು ಸದ್ದಿನ ಪಕ್ಕದ ಮೆಲುಸದ್ದು ನಮಗೆ ಕೇಳಿಸುವುದಿಲ್ಲ ಎಂಬ ಕಿವಿಯ ಗುಣವನ್ನು ಹಿಡಿದು, ಕೇಳಿಸದ್ದನ್ನು ಒರಟಾಗಿ ಬರೆಯುತ್ತದೆ, ಇಲ್ಲವೇ ಬಿಟ್ಟುಬಿಡುತ್ತದೆ. 128 ಕೆಬಿಪಿಎಸ್ ಎಂದರೆ ಮೂಲದ ಹನ್ನೊಂದನೇ ಒಂದು ಭಾಗ. 320 ಎಂದರೆ ನಾಲ್ಕನೇ ಒಂದಕ್ಕಿಂತಲೂ ಕಡಿಮೆ. ಬಿಟ್ ಸಾಲದೆ ಬಂದಾಗ ಈ ಜಾಣ್ಮೆ ಸೋಲುತ್ತದೆ. ಅದು ಎಲ್ಲಿ ಸೋಲುತ್ತದೆ ಎಂದು ತಿಳಿಯಲು ನಿಮ್ಮ ಮನೆಯಲ್ಲೇ ಒಳ್ಳೆಯ ಸರಕಿದೆ: ಮಾದಪ್ಪನ ಪದದ ಕಂಸಾಳೆ.

ಕಂಸಾಳೆಯ ಪೆಟ್ಟನ್ನು ಗಮನವಿಟ್ಟು ಕೇಳಿ. ಕಂಚಿಗೆ ಕಂಚು ತಾಕುವ ಮುಂಚಿನ ಕ್ಷಣ ನಿಶ್ಶಬ್ದ, ತಾಕಿದ ಕ್ಷಣ ಚೂಪಾದ ಸದ್ದು, ಆಮೇಲೆ ಝಲ್ಲೆಂದು ಹರಡುವ ಮೇಲ್ದನಿಗಳ ರಾಶಿ. ಎಂಪಿ3 ಧ್ವನಿಯನ್ನು 1,152 ಅಳತೆಗಳ ತುಂಡುಗಳಾಗಿ ಕತ್ತರಿಸಿ ಕೆಲಸ ಮಾಡುತ್ತದೆ. ಒಂದು ತುಂಡು ಸುಮಾರು 26 ಮಿಲಿಸೆಕೆಂಡ್. ಪೆಟ್ಟು ತುಂಡಿನ ನಡುವೆ ಬಿದ್ದರೆ, ಒರಟಾಗಿ ಬರೆದದ್ದರ ಗಲೀಜು ಪೆಟ್ಟಾದ ನಂತರಕ್ಕಷ್ಟೇ ಅಲ್ಲ, ಪೆಟ್ಟಿಗೆ ಮುಂಚಿನ ನಿಶ್ಶಬ್ದಕ್ಕೂ ಹರಡುತ್ತದೆ. ಪೆಟ್ಟಾದ ಮೇಲಿನ ಗಲೀಜನ್ನು ಪೆಟ್ಟಿನ ಜೋರೇ ಮುಚ್ಚುತ್ತದೆ, ಮೊದಲೇ ಬಂದದ್ದನ್ನು ಮುಚ್ಚುವಂಥದು ಏನೂ ಇರುವುದಿಲ್ಲ. ‘ಟಣ್’ ಎನ್ನಬೇಕಾದ್ದು ‘ಶ್‌ಟಣ್’ ಎಂದು ಮಬ್ಬಾಗುತ್ತದೆ. ಒಳ್ಳೆಯ ಎನ್‌ಕೋಡರುಗಳು, ಅಂದರೆ ಎಂಪಿ3 ಮಾಡಿಕೊಡುವ ಸಾಫ್ಟ್‌ವೇರುಗಳು, ಇದನ್ನು ಗುರುತಿಸಿ ಆ ಜಾಗದಲ್ಲಿ ತುಂಡನ್ನು ಇನ್ನೂ ಸಣ್ಣದಾಗಿ ಕತ್ತರಿಸುತ್ತವೆ, ಅದಕ್ಕೆ ಬಿಟ್ ಹೆಚ್ಚು ಬೇಕು. 128ರಲ್ಲಿ ಅಷ್ಟು ಬಿಟ್ ಇರುವುದಿಲ್ಲ. ಅದರ ಮೇಲೆ ಆ ಮಟ್ಟದಲ್ಲಿ ಅನೇಕ ಎನ್‌ಕೋಡರುಗಳು ಸುಮಾರು 16 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಪೂರ್ತಿ ಕತ್ತರಿಸಿಹಾಕುತ್ತವೆ. ಕಂಸಾಳೆಯ ಝೇಂಕಾರ ನೀರಿನಡಿಯಲ್ಲಿ ಕೇಳಿದ ಹಾಗೆ ತೇಲಾಡುತ್ತದೆ. ಘಟ, ಖಂಜಿರ, ಮೃದಂಗದ ಬಲಗಡೆಯ ಚಾಪು ಇವಕ್ಕೂ ಇದೇ ಗತಿ. ಭಾವಗೀತೆಯ ನಯವಾದ ಕಂಠ, ಕೊಳಲು 128ರಲ್ಲಿ ಇದ್ದರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಹಾಡುಗಾರಿಕೆಯ ಸಿ.ಡಿ.ಯೊಂದನ್ನು ಕೇಳಿ ‘128 ಸಾಕು’ ಎಂದು ತೀರ್ಮಾನ ಮಾಡುವವರು ಎಡವುವುದು ಇಲ್ಲೇ. ಪರೀಕ್ಷೆ ಮಾಡುವುದಿದ್ದರೆ ಕಂಸಾಳೆಯ ಮೇಲೆ ಮಾಡಿ.

192ರ ಹೊತ್ತಿಗೆ ಈ ದೋಷಗಳು ಬಹುಪಾಲು ಮಾಯವಾಗುತ್ತವೆ. 256, 320ರಲ್ಲಿ ಮೂಲಕ್ಕೂ ಅದಕ್ಕೂ ವ್ಯತ್ಯಾಸ ಹೇಳುವವರು ತೀರಾ ಕಡಿಮೆ. ನಂಬಿಕೆ ಬರದಿದ್ದರೆ ನೀವೇ ನೋಡಬಹುದು. ಫೂಬಾರ್2000 ಎಂಬ ಉಚಿತ ಪ್ಲೇಯರಿಗೆ ಎಬಿಎಕ್ಸ್ ಎಂಬ ಉಪಾಂಗ ಸಿಗುತ್ತದೆ. ಫ್ಲ್ಯಾಕ್ ಒಂದು, ಅದರಿಂದಲೇ ಮಾಡಿದ ಎಂಪಿ3 ಒಂದು ಕೊಟ್ಟರೆ ಯಾವುದು ಯಾವುದೆಂದು ತೋರಿಸದೆ ಹಾಡಿಸುತ್ತದೆ. 16 ಸಲ ಉತ್ತರ ಹೇಳಿ. 12 ಅಥವಾ ಹೆಚ್ಚು ಸರಿಯಾದರೆ ಕಿವಿಗೆ ನಿಜಕ್ಕೂ ಕೇಳಿಸುತ್ತಿದೆ ಎಂದು ಒಪ್ಪಬಹುದು, ಬರೀ ಊಹೆಯಲ್ಲಿ ಅಷ್ಟು ಸರಿ ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ನೀವೂ ಮಗನೂ ಬೇರೆಬೇರೆಯಾಗಿ ಕೂತು ಮಾಡಿ. ನಿಮ್ಮ ಕಿವಿಗೆ ಎಷ್ಟು ಬೇಕೆಂಬುದನ್ನು ಅಂಗಡಿಯವರಿಗಿಂತ, ನನಗಿಂತ ಈ ಪರೀಕ್ಷೆಯೇ ಚೆನ್ನಾಗಿ ಹೇಳುತ್ತದೆ.

ಹಾಗಾದರೆ ಮಗನ ಮಾತಿನಂತೆ ನೇರವಾಗಿ 320ಕ್ಕೇ ರಿಪ್ ಮಾಡಿದರೇನು? ಕೇಳುವುದಕ್ಕೆ ಏನೂ ತೊಂದರೆಯಿಲ್ಲ. ತೊಂದರೆ ಬರುವುದು ನಾಳೆ. ಮುಂದೊಂದು ದಿನ ಮೊಬೈಲಿಗೆಂದು, ಇನ್ನಾವುದೋ ಹೊಸ ಸಾಧನಕ್ಕೆಂದು ಅದನ್ನು ಬೇರೆ ರೂಪಕ್ಕೆ ತರಬೇಕಾದಾಗ ಒಮ್ಮೆ ಕಳೆದದ್ದರ ಮೇಲೆ ಮತ್ತೊಮ್ಮೆ ಕಳೆಯುತ್ತದೆ. ಕಳೆದದ್ದು ಯಾವ ಸೆಟ್ಟಿಂಗಿನಿಂದಲೂ ಹಿಂದಿರುಗುವುದಿಲ್ಲ. 128ರ ಫೈಲನ್ನು 320 ಮಾಡಿಸಿಕೊಂಡು ‘ಕ್ವಾಲಿಟಿ ಹೆಚ್ಚಾಯಿತು’ ಎನ್ನುವವರಿದ್ದಾರೆ. ನೀರು ಬೆರೆತ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರೆ ಹಾಲು ಗಟ್ಟಿಯಾಗುವುದಿಲ್ಲ.

ಕಾರಿಗೆ ನಾನು ಹೇಳುವುದು ಲೇಮ್ ಎಂಬ ಎನ್‌ಕೋಡರಿನ ವಿಬಿಆರ್, ಅದರಲ್ಲಿ ವಿ2. ವಿಬಿಆರ್ ಎಂದರೆ ಕಂಸಾಳೆ ಬಂದ ಕಡೆ ಬಿಟ್ ಹೆಚ್ಚು, ತಂಬೂರಿ ಮಾತ್ರ ಮೀಟುವ ಕಡೆ ಕಡಿಮೆ ಎಂದು ಅಗತ್ಯ ನೋಡಿ ಹಂಚುವುದು. ವಿ2ರ ಸರಾಸರಿ 190ರ ಸುತ್ತ, ವಿ0ಯದು 245ರ ಸುತ್ತ. ಇಲ್ಲಿ ಅಂಕಿ ಚಿಕ್ಕದಾದಷ್ಟೂ ಗುಣಮಟ್ಟ ಮೇಲೆ, ಅದು ನೆನಪಿರಲಿ. ವಿ2ರಲ್ಲಿ ನಿಮ್ಮ ಮುನ್ನೂರು ಸಿ.ಡಿ.ಗಳು ಸುಮಾರು 26 ಜಿಬಿ, 32ರ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತವೆ. 320ರಲ್ಲಾದರೆ 43 ಜಿಬಿ, 64ರ ಪೆನ್‌ಡ್ರೈವ್ ಬೇಕು. ಅದು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿ ಬರುತ್ತದೆ, ಫ್ಯಾಟ್32 ಮಾತ್ರ ಓದುವ ಕಾರ್ ಸ್ಟೀರಿಯೋಗಳು ಅದನ್ನು ಗುರುತಿಸುವುದೇ ಇಲ್ಲ. ಹೈವೇಯಲ್ಲಿ ಮೈಸೂರಿಗೆ ಹೋಗುವಾಗ ಟೈರಿನ, ಗಾಳಿಯ ಸದ್ದಿನ ನಡುವೆ ವಿ2ಕ್ಕೂ ಫ್ಲ್ಯಾಕ್‌ಗೂ ವ್ಯತ್ಯಾಸ ಹುಡುಕುವುದು ವ್ಯರ್ಥ. ಹಳೆಯ ಸ್ಟೀರಿಯೋ ಏನಾದರೂ ವಿಬಿಆರ್ ಹಾಡಿನ ಅವಧಿಯನ್ನು ತಪ್ಪುತಪ್ಪಾಗಿ ತೋರಿಸಿದರೆ ಮಾತ್ರ 256ರ ಒಂದೇ ಮಟ್ಟದ ಬಿಟ್‌ರೇಟ್ ಇಡಿ. ‘ಜಾಯಿಂಟ್ ಸ್ಟೀರಿಯೋ’ ಎಂದಿದ್ದರೆ ಹಾಗೇ ಇರಲಿ. ಎಡ ಬಲಗಳಲ್ಲಿ ಸಮಾನವಾಗಿರುವುದನ್ನು ಒಂದೇ ಸಲ ಬರೆದು ಬಿಟ್ ಉಳಿಸುವ ಉಪಾಯ ಅದು, ಸ್ಟೀರಿಯೋ ಕೆಡುತ್ತದೆ ಎಂಬುದು ಸುಳ್ಳು ಭಯ. ಮೋನೋ ಮುದ್ರಣಗಳಿಗಂತೂ ಅದರಿಂದ ಲಾಭವೇ. ಇನ್ನೊಂದು: ಬ್ಲೂಟೂತಿನಲ್ಲಿ ಕೇಳುವಾಗ ಫೋನು ಧ್ವನಿಯನ್ನು ಮತ್ತೊಮ್ಮೆ ಕುಗ್ಗಿಸಿ ಕಳಿಸುತ್ತದೆ. ಕಾರಿನಲ್ಲಿ ಯುಎಸ್‌ಬಿ ಇದ್ದರೆ ಪೆನ್‌ಡ್ರೈವೇ ಮೇಲು.

ಜನ ಬಿಟ್‌ರೇಟಿನ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ, ಸಿ.ಡಿ. ಸರಿಯಾಗಿ ಓದಿತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮೈಸೂರಿನಲ್ಲಿ ಹಳೆಯ ಮುದ್ರಣಗಳನ್ನು ಡಿಜಿಟಲ್‌ಗೆ ತರುವ ಕೆಲಸ ಮಾಡುವ ನನಗೆ ಅತಿ ಹೆಚ್ಚು ಬೇಸರ ತರುವುದು ಇದೇ. ಡೇಟಾ ಸಿ.ಡಿ.ಯಲ್ಲಿ 2,352 ಬೈಟಿನ ಪ್ರತಿ ಭಾಗದಲ್ಲೂ 2,048 ಮಾತ್ರ ಮಾಹಿತಿಗೆ, ಉಳಿದದ್ದರಲ್ಲಿ ಬಹುಪಾಲು ತಪ್ಪು ಹಿಡಿದು ತಿದ್ದುವುದಕ್ಕೆ ಮೀಸಲು. ಆಡಿಯೋ ಸಿ.ಡಿ.ಯಲ್ಲಿ ಆ 2,352 ಪೂರ್ತಿ ಸಂಗೀತಕ್ಕೇ ಹೋಗುತ್ತದೆ. ಕೆಳಹಂತದಲ್ಲಿ ತಪ್ಪು ತಿದ್ದುವ ಒಂದು ಏರ್ಪಾಡು ಇದ್ದೇ ಇದೆ, ಸಣ್ಣಪುಟ್ಟ ಗೀಚುಗಳನ್ನು ಅದು ಪೂರ್ತಿ ಸರಿಮಾಡುತ್ತದೆ. ಅದನ್ನು ಮೀರಿದ ಕಡೆ ಡ್ರೈವ್ ಆಚೀಚಿನ ಅಂಕಿಗಳನ್ನು ನೋಡಿ ನಡುವಿನದನ್ನು ಅಂದಾಜಿನಲ್ಲಿ ತುಂಬಿಬಿಡಬಹುದು, ನಿಮಗೆ ಹೇಳುವುದಿಲ್ಲ. ಎಷ್ಟೋ ಸಲ ಕೇಳಿಸುವುದೂ ಇಲ್ಲ. ಕೆಲವು ಸಲ ತಾನದ ನಡುವೆ ‘ಟಿಕ್’ ಎಂದು ಕೂರುತ್ತದೆ, ಫ್ಲ್ಯಾಕ್ ಆ ‘ಟಿಕ್’ಅನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ.

ಅದಕ್ಕಾಗಿ ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ, ಲಿನಕ್ಸ್‌ನಲ್ಲಿ ವಿಪ್ಪರ್ ಬಳಸಿ, ಮೂರೂ ಉಚಿತ. ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಚುಚ್ಚುವ ಡಿವಿಡಿ ರೈಟರ್ ಸಾಕು. ಎಕ್ಸಾಕ್ಟ್ ಆಡಿಯೋ ಕಾಪಿಯಲ್ಲಿ ‘ಸೆಕ್ಯೂರ್’ ಎಂಬ ವಿಧಾನ ಆರಿಸಿ. ಅದು ಒಂದೊಂದು ಜಾಗವನ್ನೂ ಖಾತ್ರಿ ಮಾಡಿಕೊಳ್ಳುತ್ತ ಹೋಗುತ್ತದೆ, ಅನುಮಾನ ಬಂದ ಕಡೆ ಮತ್ತೆ ಮತ್ತೆ ಓದುತ್ತದೆ. ಕೊನೆಗೆ ಒಂದು ವರದಿ ಬರೆದಿಡುತ್ತದೆ. ಅಕ್ಯುರೇಟ್‌ರಿಪ್ ಎಂಬ ಏರ್ಪಾಡು ಅದೇ ಸಿ.ಡಿ.ಯನ್ನು ಜಗತ್ತಿನ ಬೇರೆಯವರು ಓದಿಸಿದಾಗ ಬಂದ ಲೆಕ್ಕದೊಂದಿಗೆ ನಿಮ್ಮದನ್ನು ತಾಳೆ ನೋಡುತ್ತದೆ. ಹೊಂದಿದರೆ ಸಂದೇಹವೇ ಬೇಡ. 48ಕ್ಕೆ ಏರಿಸಬೇಡಿ ಎಂದದ್ದು ಇದಕ್ಕೇ. ನಮ್ಮ ಕಡೆಯ ಸಣ್ಣ ಕಂಪನಿಗಳ ಮಾದಪ್ಪನ ಪದ, ಜನಪದ ಸಿ.ಡಿ.ಗಳಲ್ಲಿ ಎಷ್ಟೋ ಅಲ್ಲಿ ಸಿಗುವುದಿಲ್ಲ, ಯಾಕೆಂದರೆ ಅವನ್ನು ಬೇರಾರೂ ಓದಿಸಿ ಕಳಿಸಿರುವುದಿಲ್ಲ. ಅಂಥದಕ್ಕೆ ‘ಟೆಸ್ಟ್ ಅಂಡ್ ಕಾಪಿ’ ಒತ್ತಿ. ಒಂದು ಸಲ ಪರೀಕ್ಷೆಗೆ, ಒಂದು ಸಲ ಕಾಪಿಗೆ ಎಂದು ಎರಡು ಸಲ ಓದಿ, ಎರಡು ಸಲಕ್ಕೂ ಎಂಟು ಅಕ್ಷರಗಳ ಒಂದೊಂದು ಮೊತ್ತ ಬರೆಯುತ್ತದೆ. ಎರಡೂ ಸಾಲು ಒಂದೇ ಆಗಿದ್ದರೆ ಓದಿದ್ದು ಸರಿ. ಬೇರೆಯಾಗಿದ್ದರೆ ಸಿ.ಡಿ. ತೆಗೆದು ಒರೆಸಿ ಮತ್ತೆ ಹಾಕಿ. ಒರೆಸುವಾಗ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಬೇಕು. ಸುತ್ತಲೂ ಉಜ್ಜಿದರೆ ಗೀಚು ಗೆರೆಯ ಉದ್ದಕ್ಕೇ ಬಿದ್ದು ತಿದ್ದಲಾಗದಂತೆ ಆಗುತ್ತದೆ. ಹೊಳೆಯುವ ಕಡೆಯ ಗೀಚಿಗಿಂತ ಹೆಸರು ಅಚ್ಚಾಗಿರುವ ಕಡೆಯ ಗೀಚು ಅಪಾಯ, ಮಾಹಿತಿಯ ಪದರ ಇರುವುದು ಆ ಬಣ್ಣದ ಕೆಳಗೇ.

ಸಿ.ಡಿ.ಗಳ ಪೈಕಿ ಅಂಗಡಿಯಲ್ಲಿ ಬರೆಸಿಕೊಂಡವುಗಳಿಂದಲೇ ಶುರುಮಾಡಿ. ಕಂಪನಿಯ ಸಿ.ಡಿ. ಅಚ್ಚೊತ್ತಿದ್ದು, ಬಹುಕಾಲ ಬಾಳುತ್ತದೆ. ಬರೆಸಿದ್ದರಲ್ಲಿ ಮಾಹಿತಿ ಇರುವುದು ಒಂದು ಬಗೆಯ ಬಣ್ಣದ ಪದರದಲ್ಲಿ, ಬಿಸಿಲು ಸೆಕೆಗೆ ಅದು ಮಾಸುತ್ತ ಬರುತ್ತದೆ. ಕೆಲವು ಈಗಾಗಲೇ ಓದದಿರಬಹುದು. ಇವುಗಳಲ್ಲಿ ಎರಡು ಜಾತಿ. ಒಂದು, ‘ನೂರು ಹಾಡು ಒಂದೇ ಸಿ.ಡಿ.ಯಲ್ಲಿ’ ಎಂಬಂಥ ಎಂಪಿ3 ಸಿ.ಡಿ. ಅದರಲ್ಲಿ ಇರುವುದು ನಿಜವಾದ ಫೈಲುಗಳೇ, ರಿಪ್ ಮಾಡಬೇಡಿ, ಹಾಗೆಯೇ ಕಾಪಿ ಮಾಡಿಕೊಳ್ಳಿ, ಬೇರೆ ರೂಪಕ್ಕೂ ತರಬೇಡಿ. ಎರಡನೆಯದು, ಅಂಗಡಿಯವರು ಎಂಪಿ3ಗಳಿಂದಲೇ ಆಡಿಯೋ ಸಿ.ಡಿ. ಮಾಡಿಕೊಟ್ಟದ್ದು. ಅದು ನೋಡುವುದಕ್ಕೆ ಅಸಲಿ ಸಿ.ಡಿ.ಯ ಹಾಗೇ 1,411 ತೋರಿಸುತ್ತದೆ, ಧ್ವನಿ ಆಗಲೇ ಕಳೆದುಹೋದದ್ದು. ಸ್ಪೆಕ್ ಎಂಬ ಉಚಿತ ಸಾಫ್ಟ್‌ವೇರಿಗೆ ಫ್ಲ್ಯಾಕ್ ಫೈಲ್ ಹಾಕಿದರೆ ಕಂಪನಗಳ ಚಿತ್ರ ಬಿಡಿಸಿ ತೋರಿಸುತ್ತದೆ. 16 ಕಿಲೋಹರ್ಟ್ಸ್‌ನಲ್ಲಿ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಮೇಲೆಲ್ಲ ಕಪ್ಪಾಗಿದ್ದರೆ ಅದು ಎಂಪಿ3ಯಿಂದ ಬಂದದ್ದೆಂಬ ಗುಮಾನಿ ಗಟ್ಟಿ. ಚೌಡಯ್ಯನವರ ಕಾಲದ ಮುದ್ರಣಗಳಲ್ಲೂ ಮೇಲಿನ ಕಂಪನಗಳು ಇರುವುದಿಲ್ಲ. ಅಲ್ಲಿ ಬಣ್ಣ ಮೇಲೆ ಹೋದಂತೆ ಮೆಲ್ಲಗೆ ಮಾಸುತ್ತದೆ, ಗೆರೆ ಕೊಯ್ದಂತೆ ನಿಲ್ಲುವುದಿಲ್ಲ. ಇವೆರಡನ್ನು ಬೆರೆಸಿಕೊಂಡು ಅಸಲಿ ಮುದ್ರಣವನ್ನು ನಕಲಿ ಎಂದು ಬದಿಗಿಡಬೇಡಿ. ಎಂಪಿ3ಯಿಂದ ಮಾಡಿದ ಸಿ.ಡಿ.ಯನ್ನೂ ಫ್ಲ್ಯಾಕ್ ಆಗಿಯೇ ಇಡಿ. ಗುಣಮಟ್ಟ ಹೆಚ್ಚಲಿ ಎಂದಲ್ಲ, ಇನ್ನೊಮ್ಮೆ ಕಳೆಯದಿರಲಿ ಎಂದು.

ಬಿಟ್ಟುಹೋಗಬಾರದ ಎರಡು ಸಣ್ಣ ಸೆಟ್ಟಿಂಗುಗಳಿವೆ. ‘ನಾರ್ಮಲೈಸ್’ ಎಂದಿರುವುದನ್ನು ಆಫ್ ಮಾಡಿ. ಅದು ಧ್ವನಿಯ ಮಟ್ಟವನ್ನೇ ತಿದ್ದಿ ಬರೆಯುತ್ತದೆ. ಒಂದು ಹಾಡು ಜೋರು ಒಂದು ಮೆಲ್ಲಗೆ ಎನಿಸಿದರೆ ರಿಪ್ಲೇಗೇನ್ ಬಳಸಿ, ಎಷ್ಟು ಏರಿಸಬೇಕು ಇಳಿಸಬೇಕು ಎಂಬ ಟಿಪ್ಪಣಿಯನ್ನಷ್ಟೇ ಅದು ಸೇರಿಸುತ್ತದೆ, ಧ್ವನಿಯನ್ನು ಮುಟ್ಟುವುದಿಲ್ಲ. ಇನ್ನೊಂದು ರಾಗ-ತಾನ-ಪಲ್ಲವಿಯಂಥ ಕಡೆ ಬರುವ ತೊಡಕು. ಸಿ.ಡಿ.ಯಲ್ಲಿ ಆಲಾಪನೆ ಒಂದು ಟ್ರ್ಯಾಕು, ತಾನ ಇನ್ನೊಂದು, ನಡುವೆ ತಂಬೂರಿ ನಿಲ್ಲದೆ ನುಡಿಯುತ್ತಿರುತ್ತದೆ. ಎಂಪಿ3 ತನ್ನ 1,152ರ ತುಂಡು ತುಂಬಿಸಲು ಕೊನೆಗೆ, ಮೊದಲಿಗೆ ಒಂದಿಷ್ಟು ನಿಶ್ಶಬ್ದ ಸೇರಿಸುತ್ತದೆ. ಎಷ್ಟು ಸೇರಿಸಿದೆನೆಂದು ಲೇಮ್ ಫೈಲಿನಲ್ಲೇ ಬರೆದಿಟ್ಟರೂ ಎಲ್ಲ ಕಾರ್ ಸ್ಟೀರಿಯೋಗಳೂ ಅದನ್ನು ನೋಡುವುದಿಲ್ಲ, ತಂಬೂರಿ ಕಡಿದು ಜೋಡಿಸಿದಂತಾಗುತ್ತದೆ. ಫ್ಲ್ಯಾಕ್‌ನಲ್ಲಿ ಈ ಕಾಟವಿಲ್ಲ. ಕಾರಿಗೆ ಮಾಡುವಾಗ ಇಂಥ ಟ್ರ್ಯಾಕುಗಳನ್ನು ಫ್ಲ್ಯಾಕ್‌ನಿಂದ ಒಂದೇ ಫೈಲಾಗಿ ಕೂಡಿಸಿ ಆಮೇಲೆ ಎಂಪಿ3 ಮಾಡಿ.

ಕ್ಯಾಸೆಟ್ಟಿನ ಮಾತು ಬೇರೆ. ಅಲ್ಲಿ ಅಂಕಿಗಳಿಲ್ಲ, ಅಳೆಯುವವರು ನೀವೇ. ಇಲ್ಲಿ ಮಾತ್ರ 24 ಬಿಟ್‌ಗೆ ಅರ್ಥವಿದೆ: ಮಟ್ಟವನ್ನು ಧಾರಾಳವಾಗಿ ಕೆಳಗಿಟ್ಟು, ಜೋರು ಬಂದಾಗಲೂ ಗರಿಷ್ಠ ಮಟ್ಟವಾದ ಸೊನ್ನೆ ಡೆಸಿಬೆಲ್‌ಗಿಂತ ಆರು ಡೆಸಿಬೆಲ್ ಆದರೂ ಕೆಳಗೇ ಇರುವಂತೆ ರೆಕಾರ್ಡ್ ಮಾಡಿಕೊಳ್ಳಬಹುದು. ಒಡೆದ ಧ್ವನಿಯನ್ನು ಆಮೇಲೆ ಕೂಡಿಸಲಾಗದು. ಸ್ಯಾಂಪಲ್ ರೇಟ್ 44.1 ಸಾಕು. ಹಾಡಿಸುವ ಮೊದಲು ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಹೆಡ್ ಒರೆಸಿ. ಮೈಸೂರಿನ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವದಂಥ ಕಡೆ ಮುಂದೆ ಕೂತು ಟೇಪ್‌ರೆಕಾರ್ಡರಿನಲ್ಲಿ ಹಿಡಿದ ಕಚೇರಿಗಳು ನಿಮ್ಮ ತಂದೆಯವರ ಪೆಟ್ಟಿಗೆಯಲ್ಲೂ ಇದ್ದರೆ, ಎಲ್ಲ ಸಿ.ಡಿ.ಗಳಿಗಿಂತ ಮೊದಲು ಅವನ್ನು ಇಳಿಸಿ. ಕಂಪನಿಯ ಸಿ.ಡಿ. ಇನ್ನೊಬ್ಬರ ಮನೆಯಲ್ಲೂ ಇರುತ್ತದೆ, ಆ ಕ್ಯಾಸೆಟ್ ಇರುವುದು ನಿಮ್ಮಲ್ಲಿ ಮಾತ್ರ. ಗೊರಗೊರ ಸದ್ದು ತೆಗೆಯುವ ಫಿಲ್ಟರುಗಳನ್ನು ಮೂಲಪ್ರತಿಯ ಮೇಲೆ ಎಂದೂ ಓಡಿಸಬೇಡಿ, ಇನ್ನೊಂದು ಪ್ರತಿ ಮಾಡಿಕೊಂಡು ಅದರ ಮೇಲೆ ಬೇಕಾದ್ದು ಮಾಡಿ.

ಹೆಸರುಗಳನ್ನು ಕನ್ನಡದಲ್ಲೇ ಬರೆಯಿರಿ, ಯೂನಿಕೋಡಿನಲ್ಲಿ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಇನ್ನೊಂದು ಸಾಧನದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಫ್ಲ್ಯಾಕ್‌ನಲ್ಲಿ ಯೂನಿಕೋಡ್ ಸಹಜವಾಗಿಯೇ ಬರುತ್ತದೆ. ಎಂಪಿ3 ಮಾಡುವಾಗ, ಹಾಡಿನ ವಿವರ ಬರೆದಿಡುವ ಐಡಿ3 ಎಂಬ ಏರ್ಪಾಡಿನ 2.3ನೇ ಆವೃತ್ತಿ ಆರಿಸಿದರೆ ಸಾಕು. ಕಾರಿನ ಸ್ಟೀರಿಯೋ ಕನ್ನಡದ ಬದಲು ಚೌಕಗಳನ್ನು ತೋರಿಸಿದರೆ ಪೆನ್‌ಡ್ರೈವಿನ ಪ್ರತಿಗಳಿಗೆ ಮಾತ್ರ ಇಂಗ್ಲಿಷಿನಲ್ಲಿ ಹೆಸರು ಕೊಡಿ. ಹಾಡಿದವರು ಒಂದು ಕಡೆ, ವಾಗ್ಗೇಯಕಾರರು ಇನ್ನೊಂದು ಕಡೆ, ರಾಗ-ತಾಳ ಟಿಪ್ಪಣಿಯಲ್ಲಿ ಎಂದು ಮೊದಲ ಸಿ.ಡಿ.ಯಲ್ಲೇ ಒಂದು ಕ್ರಮ ಇಟ್ಟುಕೊಳ್ಳಿ.

ಸಿ.ಡಿ.ಗಳ ವಿಲೇವಾರಿಗೆ ಆತುರ ಬೇಡ. ಫ್ಲ್ಯಾಕ್ ಫೈಲುಗಳು ಎರಡು ಹಾರ್ಡ್ ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಮನೆಗಳಲ್ಲಿ ಇರುವವರೆಗೆ ಒಂದನ್ನೂ ಹೊರಗೆ ಕಳಿಸಬೇಡಿ. ಫ್ಲ್ಯಾಕ್ ತನ್ನೊಳಗೇ ಮೂಲಧ್ವನಿಯ ಒಂದು ತಾಳೆಮೊತ್ತ ಇಟ್ಟುಕೊಂಡಿರುತ್ತದೆ. ವರ್ಷಕ್ಕೊಮ್ಮೆ ‘ಟೆಸ್ಟ್’ ಓಡಿಸಿದರೆ ಹಾರ್ಡ್ ಡಿಸ್ಕಿನಲ್ಲಿ ಯಾವುದಾದರೂ ಫೈಲ್ ಕೆಟ್ಟಿದೆಯೇ ಎಂದು ಅದೇ ಹೇಳುತ್ತದೆ. ಸಿ.ಡಿ. ಜೊತೆ ಬಂದ ಕಾಗದಗಳನ್ನೂ 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ ಆಯಾ ಫೋಲ್ಡರಿಗೆ ಹಾಕಿ. ಪಿಟೀಲು ಯಾರು, ಮೃದಂಗ ಯಾರು, ಯಾವ ವರ್ಷದ ಕಚೇರಿ ಎಂಬುದು ಅನೇಕ ಸಲ ಆ ಕಾಗದದ ಒಳಪುಟದಲ್ಲಿ ಮಾತ್ರ ಇರುತ್ತದೆ. ಇಂಟರ್‌ನೆಟ್ಟಿನಿಂದ ತಾನಾಗಿ ಬರುವ ಹೆಸರುಗಳಲ್ಲಿ ಪಕ್ಕವಾದ್ಯದವರ ಹೆಸರು ಸಾಮಾನ್ಯವಾಗಿ ಇರುವುದೇ ಇಲ್ಲ.